ನಲವತ್ತೇಳನೆಯ ನಡು

ನನ್ನ ಪರದೆಯ ಮೇಲೆ ನೂರ ಹನ್ನೆರಡು ನಡುಗಳಿದ್ದವು. ಮುಖವಿರಲಿಲ್ಲ, ಹೆಸರಿರಲಿಲ್ಲ. ಒಬ್ಬೊಬ್ಬರಿಗೆ ಒಂದು ಅಂಕಿ, ಅಂಕಿಯ ಮುಂದೆ ಎರಡು ಗೆರೆ. ಮೇಲಿನ ಗೆರೆ ಎಡಕೀಲು, ಕೆಳಗಿನದು ಬಲಕೀಲು. ಯಾರಾದರೂ ಬಗ್ಗಿ ಕೊಡ ಎತ್ತಿದರೆ ಎರಡೂ ಗೆರೆ ಏರುತ್ತಿದ್ದವು. ಕೆಮ್ಮಿದರೆ ಮುಳ್ಳಿನಂತೆ ನೆಟ್ಟಗೆದ್ದು ಇಳಿಯುತ್ತಿದ್ದವು. ಆರು ತಿಂಗಳಲ್ಲಿ ಆ ನೂರ ಹನ್ನೆರಡು ಜನರ ಕೆಮ್ಮನ್ನು ನಾನು ಬೇರೆ ಬೇರೆಯಾಗಿ ಗುರುತಿಸುವಂತಾಗಿದ್ದೆ. ಅವರಲ್ಲಿ ಯಾರಾದರೂ ಬಸ್ಸಿನಲ್ಲಿ ಪಕ್ಕಕ್ಕೆ ಬಂದು ಕೂತಿದ್ದರೆ ಮಾತ್ರ ಯಾರೆಂದು ತಿಳಿಯುತ್ತಿರಲಿಲ್ಲ.

ಹುಬ್ಬಳ್ಳಿಯ ಹೊರಗಿನ ಸಂಶೋಧನಾ ಕೇಂದ್ರದ ಎರಡನೆಯ ಮಹಡಿಯಲ್ಲಿ ನಮ್ಮ ನಿಗಾ ಕೋಣೆ. ಅಲ್ಲಿ ಎರಡು ಕುರ್ಚಿ. ಎರಡನೆಯ ಕುರ್ಚಿಗೆ ಯಾರನ್ನೂ ನೇಮಿಸಿರಲಿಲ್ಲ. ಅದರ ಮೇಲೆ ನಾನು ಚೀಲ ಇಡುತ್ತಿದ್ದೆ.

ಬೆನ್ನುಮೂಳೆಯಲ್ಲಿ ಒಂದರ ಮೇಲೊಂದು ಕೂತ ಮೂಳೆಗಳ ಹಿಂಭಾಗದಲ್ಲಿ ಎಡಕ್ಕೊಂದು, ಬಲಕ್ಕೊಂದು ಸಣ್ಣ ಕೀಲಿರುತ್ತದೆ. ಮುಂಭಾಗದಲ್ಲಿ, ಎರಡು ಮೂಳೆಗಳ ನಡುವೆ, ಮೆತ್ತೆಯಂಥ ಡಿಸ್ಕ್. ಹಲವರಲ್ಲಿ ಈ ಎರಡು ಕೀಲುಗಳು ಒಂದೇ ಕೋನದಲ್ಲಿರುವುದಿಲ್ಲ. ಎಡದ್ದು ಹೆಚ್ಚು ನೆಟ್ಟಗಿದ್ದರೆ ಬಲದ್ದು ಹೆಚ್ಚು ಓರೆ. ಅಂಥವರು ಬಗ್ಗಿದಾಗಲೆಲ್ಲ ಮೂಳೆ ನೇರವಾಗಿ ಬಾಗದೆ ಕೊಂಚ ತಿರುಚಿಕೊಳ್ಳುತ್ತದೆ, ಒದ್ದೆ ಬಟ್ಟೆ ಹಿಂಡಿದಂತೆ ಡಿಸ್ಕಿನ ನಾರನ್ನು ಹಿಂಡುತ್ತದೆ. ದಿನಕ್ಕೆ ಸಾವಿರ ಸಲದಂತೆ ಇಪ್ಪತ್ತು ವರ್ಷ ಹಿಂಡಿದರೆ ನಾರು ಸೀಳುತ್ತದೆ. ನಡುನೋವಿನ ಮೂಲ ಇದೇ ಎನ್ನುವುದು ನಮ್ಮ ಮುಖ್ಯಸ್ಥ ಡಾ. ನಾಡಿಗೇರರ ವಾದ. ಎಲ್ಲರೂ ಇದನ್ನು ಒಪ್ಪಿರಲಿಲ್ಲ. ಕೀಲು ಓರೆಯಿದ್ದೂ ಎಂಬತ್ತು ವರ್ಷ ಆರಾಮಾಗಿ ಬಾಳಿದವರಿದ್ದರು. ಓರೆ ಮೊದಲೋ ನೋವು ಮೊದಲೋ ಎಂದು ಕೇಳುವವರಿದ್ದರು.

ಆ ವಾದವನ್ನು ಪರೀಕ್ಷಿಸಲು ಹುಟ್ಟಿದ್ದು ‘ಸಮಕೀಲು’. ಎರಡೂ ಕೀಲುಗಳ ಸಂದಿಗೆ ಅಕ್ಕಿಕಾಳಿನಷ್ಟು ದೊಡ್ಡ ಒಂದೊಂದು ಮಣೆ ಕೂರಿಸುತ್ತಾರೆ. ಹೊರಗಿನಿಂದ ಸಂಕೇತ ಹೋದರೆ ಅದು ಉಬ್ಬುತ್ತದೆ ಇಲ್ಲವೆ ಕುಗ್ಗುತ್ತದೆ. ಒಂದು ಸಂಕೇತಕ್ಕೆ ಕೀಲಿನ ಮುಖ ಒಂದು ಡಿಗ್ರಿಯ ಇಪ್ಪತ್ತರಲ್ಲೊಂದು ಪಾಲು ತಿರುಗುತ್ತದೆ. ಎಷ್ಟು ತಿರುಗಿಸಬೇಕೆಂದು ಹೇಳುವ ಕೆಲಸ ನೋವಿನದು. ಅದಕ್ಕಾಗಿ ಸೊಂಟದ ಪಟ್ಟಿಯಲ್ಲಿ ಎರಡು ಗುಂಡಿ, ಒಂದರ ಮೇಲೆ ‘ಎಡ’, ಇನ್ನೊಂದರ ಮೇಲೆ ‘ಬಲ’. ನೋವಾದ ಕಡೆಯದನ್ನು ಒತ್ತಿದರೆ ಆ ಕಡೆಯ ಮಣೆ ಒಂದು ಹೆಜ್ಜೆ ಸಡಿಲಗೊಳ್ಳುತ್ತದೆ. ಭಾನುವಾರ ಬಿಟ್ಟು ಉಳಿದ ದಿನ, ಒತ್ತಿದ ಹತ್ತು ನಿಮಿಷದೊಳಗೆ ನಿಗಾ ಕೋಣೆಯಿಂದ ಫೋನು ಹೋಗಬೇಕು, ಮೂರು ಪ್ರಶ್ನೆ ಕೇಳಬೇಕು. ಅವರು ಒತ್ತದೆ ನಾವಾಗಿ ಫೋನು ಮಾಡುವಂತಿಲ್ಲ. ಇದು ನಿಯಮ.

ನಲವತ್ತೇಳನೆಯ ನಡು ದಿನಕ್ಕೆ ಎರಡು ಸಲ ಒತ್ತುತ್ತಿತ್ತು. ಬೆಳಿಗ್ಗೆ ಒಂಬತ್ತರ ಹೊತ್ತಿಗೆ ಎಡ. ಮಧ್ಯಾಹ್ನ ಮೂರರ ಹೊತ್ತಿಗೆ ಬಲ.

ಮೊದಲ ದಿನದ ಮಾತು ನೆನಪಿದೆ.

“ನೋವು ಹತ್ತರಾಗ ಎಷ್ಟು ಹೇಳ್ರಿ?”

“ಹತ್ತು ಅಂದ್ರ ಎಷ್ಟ್ರೀ ಅಕ್ಕಾರ?” ಆ ದನಿಯ ಹಿಂದೆ ಗಾಳಿಯ ಸದ್ದಿತ್ತು. ಶಾಲೆಯ ಶಿಕ್ಷಕಿಯನ್ನು ಕರೆಯುವಂತೆ ನನ್ನನ್ನು ‘ಅಕ್ಕಾರ’ ಎಂದಿದ್ದ.

“ಹತ್ತು ಅಂದ್ರ ತಡಕೊಳ್ಳಾಕ ಆಗದಷ್ಟು.”

“ಹಂಗಾರ ಹತ್ತು ನಾ ನೋಡೇ ಇಲ್ರಿ. ತಡಕೊಂಡೀನಲ್ಲ.”

“ಆಮೇಲೆ, ನೋವು ಬಂದಾಗ ಏನ್ ಮಾಡ್ತಿದ್ರಿ?”

“ನಡೀತಿದ್ನಿ. ಇನ್ನೇನ್ ಮಾಡ್ತೀನ್ರೀ, ನಡಿಯೂದ ನಮ್ಮ ಕೆಲಸ.”

ಹೆಸರು ಹುಲುಗಪ್ಪ, ವಯಸ್ಸು ನಲವತ್ತೆಂಟು. ಕೊಪ್ಪಳದಾಚೆ ಅದಿರು ಸಾಗಿಸುವ ಒಂದು ರೈಲುದಾರಿಯಲ್ಲಿ ಕೀಮ್ಯಾನ್. ದಾರಿಯ ಆರು ಕಿಲೋಮೀಟರನ್ನು ದಿನಾಲೂ ನಡೆದು ನೋಡಿ, ಹಳಿಯನ್ನು ಹಿಡಿದಿಡುವ ಕ್ಲಿಪ್ಪು ಸಡಿಲಾಗಿದ್ದರೆ ಅದನ್ನು ಸುತ್ತಿಗೆಯಿಂದ ಬಡಿದು, ಬೋಲ್ಟು ಬಿಗಿದು ಹಿಂದಿರುಗಬೇಕು. ನಡುವೆ ಕೆಲ ವರ್ಷ ಈ ಕೆಲಸಕ್ಕೆ ಹಾರುವ ಕ್ಯಾಮೆರಾ ಹಚ್ಚಿದ್ದರಂತೆ. ಅದಿರಿನ ಕೆಂಧೂಳಿಗೆ ಅವುಗಳ ಕಣ್ಣು ಕುರುಡಾಗಿ, ಎರಡು ಸಲ ವ್ಯಾಗನ್ನು ಹಳಿ ತಪ್ಪಿ, ಮತ್ತೆ ಮನುಷ್ಯರನ್ನೇ ನಡೆಸತೊಡಗಿದ್ದರು. ಅವನ ಎಡಕೀಲಿಗೂ ಬಲಕೀಲಿಗೂ ಹದಿನಾಲ್ಕು ಡಿಗ್ರಿ ವ್ಯತ್ಯಾಸ.

ಮೂರು ಪ್ರಶ್ನೆಗೆ ಒಂದೂವರೆ ನಿಮಿಷ ಸಾಕು. ನಮ್ಮದು ಹತ್ತು ನಿಮಿಷವಾಗುತ್ತಿತ್ತು. ಹದಿನಾರನೆಯ ಕಿಲೋಮೀಟರ್ ಕಲ್ಲಿನ ಹತ್ತಿರ ನರಿ ಮರಿ ಹಾಕಿದ್ದು, ಸೇತುವೆಯ ಕೆಳಗೆ ಕುರಿಗಾರರು ಇಳಿದುಕೊಂಡದ್ದು, ಹೊಸ ಸೂಪರ್‌ವೈಸರಿಗೆ ಬಿಸಿಲಿಗೆ ಮೂಗಿನಿಂದ ರಕ್ತ ಬಂದದ್ದು. ನಾನು ಹೇಳುವಂಥದ್ದು ಏನೂ ಇರುತ್ತಿರಲಿಲ್ಲ. ಆದರೂ ಒಂದು ದಿನ, ಊಟಕ್ಕೆ ಏನು ತಂದೀರಿ ಎಂದು ಅವನು ಕೇಳಿದಾಗ, ತಂದಿಲ್ಲ ಎಂದೆ. “ಉಪಾಸ ಯಾಕ್ರೀ, ಇವತ್ತ್ ವಾರನೂ ಅಲ್ಲ” ಎಂದ. ಸಂಜೆ ಮನೆಗೆ ಹೋಗುವಾಗ ಅರ್ಧ ಕಿಲೋ ಬೆಂಡೆಕಾಯಿ ಕೊಂಡೆ.

*

ನನ್ನ ಮನೆಯೆಂದರೆ ಮೂರನೆಯ ಮಹಡಿಯ ಒಂದು ಕೋಣೆ, ಪಕ್ಕಕ್ಕೆ ಅಡುಗೆಕಟ್ಟೆ. ಅವ್ವ ಹೋಗಿ ನಾಲ್ಕು ವರ್ಷ. ಅಕ್ಕ ಸೂರತ್‌ನಲ್ಲಿದ್ದಾಳೆ. ತಿಂಗಳಿಗೊಮ್ಮೆ ಧ್ವನಿಸಂದೇಶ ಕಳಿಸುತ್ತಾಳೆ, ಅದರಲ್ಲಿ ಅರ್ಧ ಮಕ್ಕಳ ಗದ್ದಲ. ಕೇಳಿಸಿಕೊಂಡು ನಾನೊಂದು ಕಳಿಸುತ್ತೇನೆ. ಹೀಗೆ ಮಾತಾಡಿದರೆ ಇಬ್ಬರೂ ಒಂದೇ ಹೊತ್ತಿಗೆ ಎಚ್ಚರವಿರಬೇಕಾಗಿಲ್ಲ.

ಸಂಜೆ ಆರರಿಂದ ನನ್ನ ಸೊಂಟ ಹಿಡಿಯುತ್ತದೆ. ಸಮಕೀಲಿನ ಪ್ರಯೋಗ ಶುರುವಾಗುವ ಮುನ್ನ ಸಿಬ್ಬಂದಿಯ ಸ್ಕ್ಯಾನನ್ನೂ ತೆಗೆದಿದ್ದರು. ನನ್ನದನ್ನು ನೋಡಿ ಡಾ. ನಾಡಿಗೇರರು ನಕ್ಕುಬಿಟ್ಟಿದ್ದರು.

“ಪ್ರಣತಿ, ಇಂಥಾ ಕೀಲು ನಾ ಚಿತ್ರದಾಗಷ್ಟ ನೋಡೇನಿ. ಎರಡೂ ಕಡೆ ನಲವತ್ತೊಂದು ಡಿಗ್ರಿ! ನಿಮಗ ನಡುನೋವು ಬರೋದ ಸಾಧ್ಯ ಇಲ್ಲ.”

“ಬರ್ತದ ಸರ್.”

“ಕುರ್ಚಿ ಬದಲಿಸ್ರಿ” ಎಂದು ಮುಂದಿನ ಚಿತ್ರ ತೆಗೆದಿದ್ದರು.

ಹಾಗಾಗಿ ನೋವಿಗೆ ನನ್ನಲ್ಲಿ ಕಾರಣವಿರಲಿಲ್ಲ, ಒತ್ತಲು ಗುಂಡಿಯಿರಲಿಲ್ಲ. ಬಿಸಿನೀರಿನ ಚೀಲ ಸೊಂಟಕ್ಕೆ ಕೊಟ್ಟು ಗೋಡೆಗೆ ಮುಖ ಮಾಡಿ ಮಲಗುತ್ತಿದ್ದೆ. ಪಕ್ಕದ ಕೋಣೆಯ ನಳದಲ್ಲಿ ನೀರು ಬಂದರೆ ಗೋಡೆಯೊಳಗಿನಿಂದ ಕೇಳಿಸುತ್ತಿತ್ತು. ಭಾನುವಾರಗಳು ಉದ್ದವಾಗಿರುತ್ತಿದ್ದವು. ಭಾನುವಾರ ಹುಲುಗಪ್ಪನಿಗೂ ರಜೆ. ಆ ದಿನ ಅವನು ಎರಡು ಸಲ ಒತ್ತಿದರೂ ಎಡಕ್ಕಷ್ಟೇ ಒತ್ತುತ್ತಿದ್ದ, ಸೋಮವಾರ ದಾಖಲೆಯಲ್ಲಿ ಅದನ್ನು ನೋಡುತ್ತಿದ್ದೆ. ಕೆಲಸದ ದಿನ ಮಾತ್ರ ನೋವು ಮಧ್ಯಾಹ್ನಕ್ಕೆ ಬಲಕ್ಕೆ ದಾಟುತ್ತಿತ್ತು.

ಈ ದಾಟುವಿಕೆಯನ್ನು ಮೊದಲು ಗಮನಿಸಿದವಳು ನಾನು. ಒಂದು ಕೀಲನ್ನು ಸರಿಪಡಿಸಿದರೆ ನಡೆಯುವ ಕೆಲಸದವರಲ್ಲಿ ಭಾರ ಇನ್ನೊಂದಕ್ಕೆ ಹೊರಳುತ್ತದೆ ಎಂದು ಟಿಪ್ಪಣಿ ಬರೆದೆ. ನಾಡಿಗೇರರಿಗೆ ಅದು ಹಿಡಿಸಿತು. ಪ್ರಬಂಧವಾಯಿತು. ಅವರ ಹೆಸರಿನ ಪಕ್ಕದಲ್ಲಿ ನನ್ನ ಹೆಸರು ಬಂತು.

ಫೆಬ್ರುವರಿಯ ಸಭೆಯಲ್ಲಿ ಅವರು ನಲವತ್ತೇಳನೆಯ ಗೆರೆಗಳನ್ನು ಗೋಡೆಯ ಮೇಲೆ ಹಾಕಿದರು.

“ಎರಡೂ ಮಣೆ ಸಡಿಲಾಗ್ಯಾವ. ನೋವು ಮೂರರಿಂದ ಏಳಕ್ಕ ಏರ್ಯದ. ಇಂವಂಗ ಸಮಕೀಲು ಒಗ್ಗಂಗಿಲ್ಲ. ಇಪ್ಪತ್ಮೂರನೇ ತಾರೀಖು ಬೆಸುಗೆ ಮಾಡಿಬಿಡೂಣು.”

ಬೆಸುಗೆಯೆಂದರೆ ಮಣೆ ತೆಗೆದು ಎರಡು ಮೂಳೆಗಳನ್ನು ಮೊಳೆ ಹಾಕಿ ಒಂದಾಗಿಸುವುದು. ಆ ಜಾಗ ಇನ್ನು ಬಾಗುವುದಿಲ್ಲ, ತಿರುಗುವುದಿಲ್ಲ.

“ಆಮ್ಯಾಲೆ ಅವರು ಲೈನಿನ ಮ್ಯಾಲೆ ನಡೀಬಹುದೇನ್ರೀ ಸರ್?”

“ದಿನಾ ಹನ್ನೆರಡು ಕಿಲೋಮೀಟರ್ ಜಲ್ಲಿ ಮ್ಯಾಲೆ? ಸುತ್ತಿಗಿ ಹೊತಗೊಂಡು? ಆಗಂಗಿಲ್ಲ. ಕಂಪನಿಯವರು ಸಾಮಾನಿನ ಕೋಣ್ಯಾಗ ಕುಂದರಸ್ತಾರಂತ. ಪಗಾರ ಕಡಿಮಿ ಆಗಂಗಿಲ್ಲ. ಒಮ್ಮೆ ಹೋಗಿ ನೋಡಿ ಬರ್ರಿ, ಕೆಲಸದಾಗ ಹೆಂಗ ಬಗ್ಗತಾನ ಅಂತ ಮುಂದಿನ ಪ್ರಬಂಧಕ್ಕ ನಾಕು ಸಾಲು ಬೇಕು.”

*

ಹನ್ನೊಂದನೆಯ ತಾರೀಖು ಹೋದೆ. ಹದಿನಾಲ್ಕನೆಯ ಕಿಲೋಮೀಟರ್ ಕಲ್ಲಿನ ಪಕ್ಕ ಅವನು ನಿಂತಿದ್ದ. ನಾನು ಅಂದುಕೊಂಡಿದ್ದಕ್ಕಿಂತ ಕುಳ್ಳ. ಕೆಂಪು ಅಂಗಿ, ಬಲಹೆಗಲ ಮೇಲೆ ಉದ್ದ ಹಿಡಿಕೆಯ ಸುತ್ತಿಗೆ, ಹುಬ್ಬಿನ ಮೇಲೆಲ್ಲ ಕೆಂಧೂಳು.

“ದನಿ ಕೇಳಿದ್ರ ದೊಡ್ಡಾಕಿ ಇರಬೇಕು ಅಂದಿದ್ನಿ. ನೀವು ಇನ್ನ ಹುಡುಗಿ ಅದೀರಲ್ರಿ ಅಕ್ಕಾರ!”

“ಮೂವತ್ತೊಂದು ನನಗ.”

“ಅದ ಹೇಳಿದ್ದು” ಎಂದು ನಕ್ಕು ನಡೆಯತೊಡಗಿದ.

ಎದುರಿಗಿದ್ದಾಗ ಫೋನಿನಲ್ಲಿದ್ದಷ್ಟು ಸಲೀಸು ಇರಲಿಲ್ಲ. ಇಬ್ಬರೂ ಕಣ್ಣು ಹಳಿಯ ಮೇಲಿಟ್ಟು ನಡೆದೆವು. ಜಲ್ಲಿ ಜಾರುತ್ತಿತ್ತು. ಇಪ್ಪತ್ತು ಹೆಜ್ಜೆಗೊಮ್ಮೆ ಅವನು ಬಗ್ಗಿ ಕ್ಲಿಪ್ಪಿಗೊಂದು ಏಟು ಕೊಡುತ್ತಿದ್ದ, ಸದ್ದು ಆಲಿಸುತ್ತಿದ್ದ, ಮುಂದಕ್ಕೆ ಹೋಗುತ್ತಿದ್ದ. ಅವನು ಬಗ್ಗುವಾಗ ಬಲತೋಳು ಮೊದಲು ಇಳಿದು ಸೊಂಟ ಕೊಂಚ ಎಡಕ್ಕೆ ಸುತ್ತಿಕೊಳ್ಳುತ್ತಿತ್ತು. ಪರದೆಯ ಮೇಲೆ ಆರು ತಿಂಗಳು ನೋಡಿದ್ದ ಗೆರೆ ಇದೇ.

ತಿರುವಿನಲ್ಲಿ ಒಂದು ಹಳಿ ಇನ್ನೊಂದಕ್ಕಿಂತ ಎತ್ತರ ಕಂಡಿತು. ನೆಲ ಕುಸಿದಿದೆಯೆ ಎಂದು ಕೇಳಿದೆ.

“ಕುಸಿದಿಲ್ರಿ, ಬೇಕಂತ ಎತ್ತಿದ್ದು. ತಿರುವಿನ್ಯಾಗ ಹೊರಗಿನ ಹಳಿ ಎತ್ತರ ಇರಬೇಕು. ಸಮ ಮಾಡಿದ್ರ ಓಡೋ ಗಾಡಿ ಹೊರಗ ಬೀಳ್ತದ.” ಮುಂದಿನ ಕ್ಲಿಪ್ಪಿಗೊಂದು ಏಟು ಕೊಟ್ಟು, “ನನ್ನ ನಡಾ ಹಂಗ ಇರಬಹುದಲ್ರಿ? ನಿಮ್ಮ ಡಾಕ್ಟರ್ ಸಾಹೇಬ್ರು ಸಮ ಮಾಡ್ತೀನಿ, ಸಮ ಮಾಡ್ತೀನಿ ಅಂತಾರ. ನಾ ನೆಟ್ಟಗಿನ ದಾರ್ಯಾಗ ನಡದಾಂವಲ್ಲ” ಎಂದ.

ಇದನ್ನು ಬರೆದುಕೊಂಡೆ.

“ಎಡಗಡೆ ಹಳಿಯೊಳಗ ಮೂರು ಕ್ಲಿಪ್ಪು ಸಡಿಲ” ಎಂದು ಅವನು ತನ್ನ ಪುಟ್ಟ ಪುಸ್ತಕದಲ್ಲಿ ಗೀಚುತ್ತಿದ್ದಾಗ, ಎಡ ಯಾವುದೆಂದು ಹೇಗೆ ಗೊತ್ತು ಮಾಡುತ್ತೀರಿ ಎಂದು ಕೇಳಿದೆ. ಸುಮ್ಮನೆ, ಮಾತಿಗಾಗಿ.

“ಕಿಲೋಮೀಟರ್ ಏರೋ ಕಡೆ ಮಕ ಮಾಡಿ ನಿಂತ್ರ ಯಾವುದು ಎಡಕ್ಕ ಬರ್ತದೋ ಅದು ಎಡ.”

“ಹೊಳ್ಳಿ ಬರೂವಾಗ?”

“ಹೊಳ್ಳಿ ಬಂದ್ರೂ ಅದ ಎಡ. ನೀವು ಹೊಳ್ಳಿ ನಿಂತ್ರ ಹಳಿ ಹೆಸರು ಹೊಳ್ಳತದೇನ್ರಿ? ಹಂಗ ಬರದ್ರ ರಿಪೇರಿ ಗ್ಯಾಂಗಿನವರು ಬ್ಯಾರೇ ಹಳಿ ಬಿಚ್ಚಿ ಕುಂದರ್ತಾರ.” ನಕ್ಕ. “ಹತ್ತೊಂಬತ್ತು ವರ್ಷ ಆತ್ರಿ. ಲೈನಿಗೆ ಕಾಲಿಟ್ಟೆ ಅಂದ್ರ ಎಡ ಬಲ ಅಂದ್ರ ನನಗ ಅದ. ನನ್ನ ಕೈ ಯಾವುದು ಅಂತ ನೆನಪಿರೂದು ಮನ್ಯಾಗಷ್ಟ.”

ಇಪ್ಪತ್ತನೆಯ ಕಲ್ಲಿನ ಬಳಿ ಬುತ್ತಿ ಬಿಚ್ಚಿದ. ಜೋಳದ ರೊಟ್ಟಿ, ಅಗಸಿ ಚಟ್ನಿ, ಒಂದು ಉಳ್ಳಾಗಡ್ಡಿ. ನನಗೂ ಸೇರಿಸಿ ಅವನ ಹೆಂಡತಿ ಕಟ್ಟಿ ಕಳಿಸಿದ್ದಳು. ಉಂಡು ತಿರುಗಿ ಹೊರಟೆವು.

ಮೂರು ಗಂಟೆಯ ಸುಮಾರಿಗೆ, ಒಂದು ಕ್ಲಿಪ್ಪಿಗೆ ಬಗ್ಗಿದವನು ಅರ್ಧಕ್ಕೇ ನಿಂತ. ಉಸಿರು ಹಿಡಿದ. ಎಡಗೈ ಎಡಸೊಂಟವನ್ನು ಒತ್ತಿ ಹಿಡಿಯಿತು. ಬಲಗೈಯ ಹೆಬ್ಬೆರಳು ಪಟ್ಟಿಯ ಮೇಲೆ ಹೋಗಿ ಗುಂಡಿ ಹುಡುಕಿ ಒತ್ತಿತು. ‘ಬಲ’.

ಅವನು ಇಳಿಯುವ ಕಿಲೋಮೀಟರಿನ ಕಡೆ ಮುಖ ಮಾಡಿ ನಿಂತಿದ್ದ. ಅವನ ಎಡಸೊಂಟ ಬಲಹಳಿಯ ಕಡೆಗಿತ್ತು.

ನೋವು ದಾಟುತ್ತಿರಲಿಲ್ಲ, ಯಾವತ್ತೂ ದಾಟಿರಲಿಲ್ಲ. ಆರು ತಿಂಗಳಿಂದ ಒಂದೇ ಕಡೆ ನಿಂತು ನೋಯುತ್ತಿತ್ತು. ಅವನು ಹಳಿಗೆ ಹೇಳಿದಂತೆ ನಮಗೆ ಹೇಳುತ್ತಿದ್ದ. ನಾವು ದಿನಾಲೂ ಮಧ್ಯಾಹ್ನ ಅವನ ಚೆನ್ನಾಗಿದ್ದ ಕೀಲನ್ನು ಒಂದೊಂದು ಹೆಜ್ಜೆ ಸಡಿಲಿಸುತ್ತ, ಮೂಳೆಯನ್ನು ಹಿಡಿದಿದ್ದ ಎರಡೂ ಕಡೆಯನ್ನು ಕಳಚುತ್ತ, ಇಡೀ ಭಾರವನ್ನು ಹರಿದ ಡಿಸ್ಕಿನ ಮೇಲೆ ಹೇರುತ್ತಿದ್ದೆವು.

“ಈಗ ಫೋನು ಬರಬೇಕಲ್ರಿ” ಎಂದು ಅವನು ನನ್ನನ್ನು ನೋಡಿ ನಕ್ಕ. “ಮಾಡೂ ಅಕ್ಕಾರು ಇಲ್ಲೇ ಅದಾರ.”

ನಾನು ಮೂರು ಪ್ರಶ್ನೆ ಕೇಳಿದೆ. ಅವನು ಉತ್ತರ ಕೊಟ್ಟ. ಬೇರೇನೂ ನಾನು ಹೇಳಲಿಲ್ಲ.

ಸಂಜೆ ಅವನ ಕ್ವಾರ್ಟರ್ಸಿನಲ್ಲಿ ಹೆಂಡತಿ ಹೊನ್ನೂರಮ್ಮ ಚಹಾ ಮಾಡಿದಳು. ಅವನು ಹಿತ್ತಿಲಲ್ಲಿ ಕಾಲು ತೊಳೆಯುತ್ತಿದ್ದಾಗ ನನ್ನ ಪಕ್ಕ ಕೂತು ದನಿ ತಗ್ಗಿಸಿದಳು.

“ನಿಮ್ಮ ಮುಂದ ಏನ್ ಮಾತಾಡ್ತಾರ ತಂಗಿ ಇವ್ರು? ಮನ್ಯಾಗ ಬಾಯಿ ಬಿಚ್ಚಂಗಿಲ್ಲ. ಬರ್ತಾರ, ಉಣ್ತಾರ, ಗ್ವಾಡಿ ನೋಡ್ತಾರ.”

“ನೋವು ಎಷ್ಟೈತಿ ಅಂತ ಹೇಳ್ತಾರ.”

“ನನಗ ಅದನ್ನೂ ಹೇಳಂಗಿಲ್ಲ.” ಲೋಟ ನನ್ನ ಕೈಗಿಟ್ಟಳು. “ಬೆಸಿಗಿ ಹಾಕಿ ಕುಂದರಸ್ತಾರಂತಲ್ಲ. ಕುಂತ್ರ ಇವ್ರು ಉಳಿಯಂಗಿಲ್ಲವ್ವ. ನಡಿಯೂದೊಂದ ಬರೂದು ಇವ್ರಿಗೆ. ಏನರ ಮಾಡಾಕ ಬರ್ತದೇನು ನೋಡ್ರಿ.”

ಚಹಾ ಸಿಹಿಯಾಗಿತ್ತು. ನೋಡುತ್ತೇನೆ ಎಂದೆ.

*

ಮರುದಿನ ಬೆಳಿಗ್ಗೆ ನಿಗಾ ಕೋಣೆಯಲ್ಲಿ ಕೂತು ದಾಖಲೆಗಳನ್ನು ತೆಗೆದೆ. ತೊಟ್ಟವರು ಎಲ್ಲಿದ್ದಾರೆ, ಯಾವ ಕಡೆ ನಡೆಯುತ್ತಿದ್ದಾರೆ ಎಂಬುದನ್ನೂ ಪಟ್ಟಿ ದಾಖಲಿಸುತ್ತಿತ್ತು. ‘ಬಲ’ ಎಂದು ಒತ್ತಿದ ನೂರ ನಲವತ್ತೆಂಟು ಸಲವೂ ಅವನು ಇಳಿಯುವ ಕಿಲೋಮೀಟರಿನ ಕಡೆ ನಡೆಯುತ್ತಿದ್ದ. ಒಂದೂ ತಪ್ಪಿರಲಿಲ್ಲ. ಇಷ್ಟು ಶಿಸ್ತಿನ ರೋಗಿ ನಮಗೆ ಇನ್ನೊಬ್ಬ ಇರಲಿಲ್ಲ. ನೋಡಿ ಮುಗಿಸಲು ಹತ್ತು ನಿಮಿಷ ಹಿಡಿಯಿತು.

ಮಾಡಬೇಕಾದದ್ದೂ ಸ್ಪಷ್ಟವಿತ್ತು. ಬಲಮಣೆಯನ್ನು ಹೆಜ್ಜೆ ಹೆಜ್ಜೆಯಾಗಿ ಮೊದಲಿನ ಜಾಗಕ್ಕೆ ತರುವುದು, ಎಡಮಣೆಯನ್ನು ಇದ್ದಲ್ಲೇ ಬಿಡುವುದು, ಎರಡು ವಾರ ಕಾಯುವುದು. ನೋವು ಇಳಿಯುತ್ತದೆ. ಬೆಸುಗೆ ಬೇಕಾಗುವುದಿಲ್ಲ. ಅವನು ಒತ್ತುವುದನ್ನು ಬಿಡುತ್ತಾನೆ.

ನನ್ನ ಯೋಚನೆ ಅಲ್ಲಿಗೆ ಬಂದು ನಿಂತಿತು.

ಒಂಬತ್ತು ಗಂಟೆ ಎಂಟು ನಿಮಿಷಕ್ಕೆ ಗುಂಡಿ ಮಿನುಗಿತು. ಫೋನು ಮಾಡಿದೆ. “ಊರು ಮುಟ್ಟಿದ್ರೇನ್ರಿ ಆರಾಮಾಗಿ?” ಎಂದು ಕೇಳಿದ. ನನ್ನನ್ನು ಯಾರಾದರೂ ಹಾಗೆ ಕೇಳಿ ಎಷ್ಟು ಕಾಲವಾಗಿತ್ತೋ. ಮುಟ್ಟಿದೆ ಎಂದೆ. ಇನ್ನೊಂದು ದಿನ ದಾಖಲೆಗಳನ್ನು ಸರಿಯಾಗಿ ನೋಡೋಣ, ಆತುರ ಬೇಡ, ಇಪ್ಪತ್ಮೂರಕ್ಕೆ ಇನ್ನೂ ಹನ್ನೊಂದು ದಿನವಿದೆ ಎಂದು ನನಗೆ ನಾನೇ ಹೇಳಿಕೊಂಡೆ.

ಎರಡನೆಯ ದಿನ, ಪ್ರಬಂಧ ಅಚ್ಚಿಗೆ ಹೋಗಿದೆ, ಮೊದಲು ನಾಡಿಗೇರರ ಮನಸ್ಸು ನೋಡಿ ಹೇಳೋಣ ಎಂದುಕೊಂಡೆ. ಅವರು ಪಕ್ಕದ ಕೋಣೆಯಲ್ಲೇ ಇದ್ದರು. ಮೂರನೆಯ ದಿನ ಕಾರಣ ಹುಡುಕಲಿಲ್ಲ. ಮಧ್ಯಾಹ್ನ ಮೂರಕ್ಕೆ ‘ಬಲ’ ಮಿನುಗುವುದನ್ನು ನೋಡಿದೆ. ಅದರ ಸಂಕೇತ ತಾನಾಗಿ ಹೋಗುವುದನ್ನು, ಬಲಮಣೆ ಇನ್ನೊಂದು ಹೆಜ್ಜೆ ಕುಗ್ಗುವುದನ್ನು ನೋಡಿದೆ. ಆಮೇಲೆ ಫೋನು ಎತ್ತಿ ಮೂರು ಪ್ರಶ್ನೆ ಕೇಳಿದೆ. ಏಳು, ಎಂದ. ಸೇತುವೆಯ ಕೆಳಗಿನ ಕುರಿಗಾರರು ಎದ್ದು ಹೋದರು, ಒಂದು ಕುಂಟ ಮರಿ ಬಿಟ್ಟು ಹೋಗಿದ್ದಾರೆ, ಹೊನ್ನೂರಮ್ಮ ಸಾಕುತ್ತೇನೆನ್ನುತ್ತಾಳೆ, ಎಂದ. ಹೆಸರಿಡಿ ಎಂದೆ. ಕುರಿಗೆ ಹೆಸರಿಟ್ಟರೆ ಕಡಿಯಲು ಆಗುವುದಿಲ್ಲ ಎಂದು ನಕ್ಕ. ನಾನೂ ನಕ್ಕೆ. ಖಾಲಿ ಕೋಣೆಯಲ್ಲಿ ನನ್ನ ನಗು ನನಗೇ ಜೋರಾಗಿ ಕೇಳಿಸಿತು.

ನಾಲ್ಕನೆಯ ದಿನ ಭಾನುವಾರ. ಐದನೆಯ ದಿನವೂ ಕಳೆಯಿತು. ನೋವು ಎಂಟಾಗಿತ್ತು.

ಆರನೆಯ ದಿನ ಎರಡು ಗಂಟೆ ನಲವತ್ತು ನಿಮಿಷಕ್ಕೆ ನಲವತ್ತೇಳರ ಎರಡೂ ಗೆರೆ ಒಮ್ಮೆಗೇ ಏರಿ ಬಿದ್ದು ಚಪ್ಪಟೆಯಾದವು. ಗೆರೆಗಳ ಪಕ್ಕದಲ್ಲಿ ಯಂತ್ರ ಬರೆಯಿತು: ‘ಕುಳಿತ ಭಂಗಿ’. ಲೈನಿನ ಮೇಲೆ ಅವನು ಕೂತದ್ದನ್ನು ಬುತ್ತಿಯ ಹೊತ್ತು ಬಿಟ್ಟು ನಾನು ಎಂದೂ ನೋಡಿರಲಿಲ್ಲ. ಗುಂಡಿ ಮಿನುಗುವುದೇನೋ ಎಂದು ಕಾದೆ. ಮಿನುಗಲಿಲ್ಲ. ನಿಯಮ ಬಿಟ್ಟು ಫೋನು ಮಾಡಿದೆ.

“ಕಾಲು ಏಳವಲ್ಲವು ಅಕ್ಕಾರ” ಎಂದ. ದನಿ ತೆಳ್ಳಗಾಗಿತ್ತು.

“ಹಳಿ ಮ್ಯಾಲೆ ಇದ್ದೀರೇನು?”

“ಬಾಜೂಕ ಸರದೀನ್ರಿ. ಗಾಡಿ ಬಂದ್ರ ನನಗೇನಾಗಂಗಿಲ್ಲ. ಹದಿನೇಳರಿಂದ ಹದಿನಾಲ್ಕರ ತನಕ ನೋಡಿಲ್ರಿ ಇನ್ನ. ಮೂರೂವರಿಗೆ ಭರ್ತಿ ಗಾಡಿ ಐತಿ. ಹತ್ತೊಂಬತ್ತು ವರ್ಷದಾಗ ನೋಡದ ಗಾಡಿ ಬಿಟ್ಟಾಂವ ಅಲ್ರಿ ನಾ.”

“ನಾ ಗ್ಯಾಂಗಿಗೆ ಫೋನ್ ಮಾಡ್ತೀನಿ. ಗಾಡಿ ನಿಲ್ಲಸ್ತಾರ.”

“ಮಾಡ್ರಿ, ಲಗೂನ.”

ಮೇಜಿನ ಮೇಲಿದ್ದ ಇನ್ನೊಂದು ಫೋನಿನಿಂದ ಗ್ಯಾಂಗಿನ ಮೇಸ್ತ್ರಿಗೂ ಸ್ಟೇಷನ್ನಿಗೂ ಹೇಳಿದೆ. ಗಾಡಿಯನ್ನು ಹಿಂದಿನ ಸ್ಟೇಷನ್ನಿನಲ್ಲೇ ಹಿಡಿಯುತ್ತೇವೆ ಎಂದರು. ಹುಲುಗಪ್ಪ ಈ ಫೋನಿನಲ್ಲಿ ಕಾಯುತ್ತಿದ್ದ. ಅವನ ಉಸಿರು ಕೇಳಿಸುತ್ತಿತ್ತು. ಪರದೆಯ ಮೇಲೆ ಬಲಮಣೆಯ ಅಂಕಿ ನನ್ನೆದುರಿಗಿತ್ತು.

“ಹುಲುಗಪ್ಪನವರ, ನಿಮ್ಮ ನೋವು ಯಾವಾಗಲೂ ಎಡಕ್ಕ ಐತಿ. ಮುಂಜಾನೆನೂ ಎಡಕ್ಕ, ಮಧ್ಯಾಹ್ನನೂ ಎಡಕ್ಕ. ನೀವು ಹೊಳ್ಳಿ ಬರೂವಾಗ ಹಳಿ ಲೆಕ್ಕದ ಮ್ಯಾಲೆ ಬಲ ಒತ್ತತೀರಿ. ಮಣಿ ನಿಮ್ಮ ಬಲಗಡೆ ಸಡ್ಲ ಮಾಡ್ತದ. ತಪ್ಪು ನಮ್ದು. ಯಾರ ಬಲ ಅಂತ ನಾವು ಕೇಳಲಿಲ್ಲ.”

ಅವನು ಮನಸ್ಸಿನಲ್ಲೇ ಹೊರಳಿ ನಿಂತು ನೋಡುತ್ತಿದ್ದನೆಂದು ತೋರುತ್ತದೆ.

“ಹೌದಲ್ರಿ” ಎಂದ, ಅಚ್ಚರಿಯಿಂದ. “ಹೌದು. ಹಂಗ ಒತ್ತೀನ್ರಿ ನಾ. ಹಂಗಾದ್ರ ಇದು ಸರಿ ಆಗ್ತದೇನ್ರಿ?”

“ಆಗ್ತದ. ಬೆಸುಗಿ ಬ್ಯಾಡ.”

“ಬ್ಯಾಡಾ?” ಅವನು ನಕ್ಕನೋ ಅತ್ತನೋ ತಿಳಿಯಲಿಲ್ಲ. ಆಮೇಲೆ ಕೇಳಿದ, “ಅಕ್ಕಾರ, ನಿಮಗ ಇದು ಯಾವಾಗ ಗೊತ್ತಾತ್ರಿ?”

ಈಗಷ್ಟೇ ಎನ್ನಬಹುದಾಗಿತ್ತು.

“ಅವತ್ತ ನಿಮ್ಮ ಜೋಡಿ ನ‌ಡದಾಗ.”

“ಆರು ದಿನ ಆತಲ್ರಿ.”

“ಹೌದು.”

“ಯಾಕ ಹೇಳಲಿಲ್ರಿ?”

“ಹೇಳಿದ್ರ ನೋವು ಹೋಗ್ತದ. ನೋವು ಹೋದ್ರ ನೀವು ಒತ್ತಂಗಿಲ್ಲ. ಒತ್ತದಿದ್ರ ನಾ ಫೋನ್ ಮಾಡಂಗಿಲ್ಲ.”

ದೂರದಲ್ಲಿ ಗ್ಯಾಂಗಿನವರು ಅವನ ಹೆಸರು ಹಿಡಿದು ಕೂಗುವುದು ಕೇಳಿಸಿತು. ಅವನು ಅವರಿಗೆ ಓ ಎನ್ನಲಿಲ್ಲ.

“ಹಳಿ ಸೀಳಿದ್ದು ಕಂಡು ಆರು ಮಿನಿಟು ಸುಮ್ಮನಿದ್ರ ನಮ್ಮನ್ನ ಮನಿಗೆ ಕಳಸ್ತಾರ್ರೀ ಅಕ್ಕಾರ” ಎಂದ. ಸಿಟ್ಟಿರಲಿಲ್ಲ. ಕೆಲಸಕ್ಕೆ ಹೊಸದಾಗಿ ಸೇರಿದವರಿಗೆ ಹೇಳುವಂತಿತ್ತು. “ನಾ ನಿಮಗ ಎಲ್ಲಾ ಹೇಳ್ತಿದ್ನಿ.”

ಫೋನು ಕಟ್ಟಾಯಿತು.

*

ಡಾ. ನಾಡಿಗೇರರು ನನ್ನ ಮಾತನ್ನು ನಿಂತೇ ಕೇಳಿದರು. ಕೇಳಿ ಕೂತರು.

“ಪ್ರಬಂಧ ವಾಪಸ್ ತರಸೂಣು” ಎಂದರು. ಅವರು ಇಷ್ಟು ಬೇಗ ಒಪ್ಪುತ್ತಾರೆಂದು ಅಂದುಕೊಂಡಿರಲಿಲ್ಲ. “ಬಲಮಣಿ ಇವತ್ತ ಹೊಳ್ಳಸ್ರಿ. ಬೆಸುಗಿ ರದ್ದು. ಮತ್ತ, ಆರು ದಿನದ್ದು ಬರೀಬ್ಯಾಡ್ರಿ. ಪರಿಶೀಲನೆ ನಡೀತಿತ್ತು ಅಂತ ಬರೀರಿ. ಅದೂ ಸುಳ್ಳಲ್ಲ.”

“ಸುಳ್ಳು ಸರ್. ಪರಿಶೀಲನೆ ಹತ್ತು ಮಿನಿಟಿನ್ಯಾಗ ಮುಗದಿತ್ತು.”

ನಾನು ಬರೆದೆ. ಫೆಬ್ರುವರಿ ಹನ್ನೆರಡರಿಂದ ಹದಿನೇಳರವರೆಗೆ ದೋಷ ತಿಳಿದಿದ್ದೂ ನಿಗಾ ಸಿಬ್ಬಂದಿ ತಿಳಿಸಲಿಲ್ಲ ಎಂದು ಬರೆದು ಹೆಸರು ಹಾಕಿದೆ. ಸಮಿತಿ ಕೂತಿತು. ಪ್ರಯೋಗ ಮುಗಿಯುವವರೆಗೆ ನಿಗಾ ಕೋಣೆಯಲ್ಲಿ ನಾನೇ ಇರಬೇಕು, ಬೇರೆ ಯಾರಿಗೂ ಗೆರೆ ಓದಲು ಬಾರದು. ಮುಗಿದ ಮೇಲೆ ನನ್ನನ್ನು ಮುಂದುವರಿಸುವುದಿಲ್ಲ ಎಂದು ತೀರ್ಮಾನವಾಯಿತು. ಸರಿಯೆನಿಸಿತು.

ಹುಲುಗಪ್ಪ ಹನ್ನೆರಡು ದಿನ ಮನೆಯಲ್ಲಿದ್ದ. ಬಲಮಣೆ ಹೆಜ್ಜೆ ಹೆಜ್ಜೆಯಾಗಿ ಹಿಂದಕ್ಕೆ ಬಂತು. ನೋವು ಎಂಟರಿಂದ ಆರಾಯಿತು, ನಾಲ್ಕಾಯಿತು. ಆ ದಿನಗಳಲ್ಲಿ ಅವನು ಒತ್ತಿದಾಗಲೆಲ್ಲ ನಾನು ಫೋನು ಮಾಡಿದೆ. ಅವನು ಮೂರು ಪ್ರಶ್ನೆಗೆ ಮೂರು ಉತ್ತರ ಕೊಟ್ಟ. ಒಂದೂವರೆ ನಿಮಿಷ. ನಾನು ಹೆಚ್ಚು ಕೇಳಲಿಲ್ಲ. ಕುಂಟ ಮರಿ ಏನಾಯಿತೆಂದೂ ಕೇಳಲಿಲ್ಲ.

ಮಾರ್ಚ್ ಎಂಟರಂದು ಅವನು ಕೊನೆಯ ಸಲ ಒತ್ತಿದ. ‘ಎಡ’. ಹತ್ತರಲ್ಲಿ ಎರಡು. ಆಮೇಲೆ ಗುಂಡಿ ಮಿನುಗಲಿಲ್ಲ. ಎರಡು ಕೀಲುಗಳ ನಡುವೆ ಐದು ಡಿಗ್ರಿ ವ್ಯತ್ಯಾಸ ಉಳಿದಿತ್ತು. ಸೊನ್ನೆಗೆ ತರಬೇಕೆಂದು ನಾಡಿಗೇರರಿಗೆ ಕೈ ಕಡಿಯುತ್ತಿತ್ತು. ನೋವಿಲ್ಲದ ಮೇಲೆ ಮುಟ್ಟುವಂತಿಲ್ಲ ಎಂದೆ. ಆ ಐದನ್ನು ಅವರು ಬಹಳ ಹೊತ್ತು ನೋಡುತ್ತ ನಿಂತಿದ್ದರು.

ಪ್ರಯೋಗ ಮುಗಿದದ್ದು ಏಪ್ರಿಲಿನ ಒಂದು ಗುರುವಾರ. ನೂರ ಹನ್ನೆರಡು ಸಂಪರ್ಕಗಳನ್ನು ಒಂದೊಂದಾಗಿ ಮುಚ್ಚಬೇಕಿತ್ತು. ಬೆಳಿಗ್ಗೆಯೇ ಶುರು ಮಾಡಿದೆ. ಯಾರೋ ಬಟ್ಟೆ ಒಗೆಯುತ್ತಿದ್ದರು, ಮುಚ್ಚಿದೆ. ಯಾರೋ ನಿದ್ರೆಯಲ್ಲಿ ಮಗ್ಗುಲು ಬದಲಿಸಿದರು, ಮುಚ್ಚಿದೆ. ಗೆರೆ ಎರಡು ಸಲ ಸಣ್ಣಗೆ ಕುಪ್ಪಳಿಸಿ ಕಪ್ಪಾಗುತ್ತಿತ್ತು. ನಲವತ್ತೇಳನ್ನು ಬಿಟ್ಟು ಮುಂದೆ ಹೋದೆ. ಎರಡೂವರೆಗೆ ಅದೊಂದೇ ಉಳಿದಿತ್ತು.

ಅವನು ಹದಿನೇಳನೆಯ ಕಿಲೋಮೀಟರಿನಲ್ಲಿ ಇಳಿಯುವ ಕಡೆ ನಡೆಯುತ್ತಿದ್ದ. ಬಗ್ಗಿದ, ಎದ್ದ. ಎರಡು ಗೆರೆ ಒಂದಕ್ಕೊಂದು ಸಮನಾಗಿರಲಿಲ್ಲ, ಆದರೆ ಜೊತೆಗಿದ್ದವು. ಕೆಳಗೆ ನಾಡಿಗೇರರ ಕಾರು ಎರಡು ಸಲ ಹಾರ್ನ್ ಮಾಡಿತು. ಬೀಳ್ಕೊಡುಗೆಯ ಊಟಕ್ಕೆ ನನ್ನನ್ನೂ ಕರೆದಿದ್ದರು. ಅವನು ಮನೆ ಮುಟ್ಟಲಿ, ಆಮೇಲೆ ಮುಚ್ಚುತ್ತೇನೆ ಎಂದುಕೊಂಡೆ.

ಹದಿನಾರನೆಯ ಕಲ್ಲಿಗೆ ಸ್ವಲ್ಪ ಮುಂಚೆ ಅವನು ಕೂತ.

ನಾನು ಎದ್ದು ನಿಂತುಬಿಟ್ಟೆ. ಗೆರೆಗಳು ಬಿದ್ದಿರಲಿಲ್ಲ, ನಿಧಾನಕ್ಕೆ ಇಳಿದಿದ್ದವು. ಭಾರ ಎರಡೂ ಕಡೆ ಇತ್ತು. ಗುಂಡಿ ಮಿನುಗಲಿಲ್ಲ. ಯಾಕೆ ಕೂತ? ನೀರು ಕುಡಿಯಲಿಕ್ಕೋ? ಯಾರಾದರೂ ಸಿಕ್ಕರೋ? ಯಾರೊಡನೆಯಾದರೂ ಮಾತಾಡುತ್ತಿದ್ದನೋ, ಇಲ್ಲ, ಸುಮ್ಮನೆ ಗುಡ್ಡ ನೋಡುತ್ತಿದ್ದನೋ? ಯಂತ್ರ ಬರೆದಿತ್ತು: ‘ಕುಳಿತ ಭಂಗಿ. ನೋವು ಇಲ್ಲ.’ ಅದಕ್ಕೆ ಗೊತ್ತಿದ್ದುದು ಅಷ್ಟೇ. ಫೋನು ಕೈಗೆಟಕುವಷ್ಟು ಹತ್ತಿರವಿತ್ತು. ನಾನು ಮತ್ತೆ ಕೂತು ಎರಡೂ ಕೈಯನ್ನು ಮೇಜಿನ ಕೆಳಗೆ ಇಟ್ಟುಕೊಂಡೆ.

ಹನ್ನೊಂದು ನಿಮಿಷ ಕೂತಿದ್ದ. ಆಮೇಲೆ ಎದ್ದ, ನಡೆದ. ಹದಿನಾರು ದಾಟಿತು. ಹದಿನೈದು ದಾಟಿತು. ಹದಿನಾಲ್ಕನೆಯ ಕಲ್ಲಿನ ಹತ್ತಿರ ಅವನು ಲೈನಿನಿಂದ ಇಳಿದು ಮನೆಯ ಕಡೆ ಹೊರಳಿದಾಗ ಮುಚ್ಚಿದೆ.